ಪಟ್ಟಿಗೆ ಸೇರದ ಬಾತು

ಬಾಲ ಸರಿಯಿರಲಿಲ್ಲ.

ಕತ್ತಿನವರೆಗೆ ಬಾತುವಿನಂತೆಯೇ ಇದ್ದದ್ದು ಕತ್ತಿನಿಂದ ಕೆಳಗೆ ಬೇರೆ ಯಾವುದೋ ಹಕ್ಕಿಯಾಗಿತ್ತು. ಅವನು ಉದ್ಯಾನದ ಕೊಳದ ಕಟ್ಟೆಯ ಬಳಿ ನಿಂತ. ಎಂಟು ವರ್ಷಗಳಲ್ಲಿ ಬೆಳಗಿನ ಆರು ಸುತ್ತುಗಳ ನಡುವೆ ಅವನು ಹೀಗೆ ನಿಂತದ್ದು ಇದೇ ಮೊದಲು. ನಡುವೆ ನಿಂತರೆ ನಡೆದದ್ದೂ ದಂಡ ಎಂದು ಸಕ್ಕರೆ ಕಾಯಿಲೆಯ ಡಾಕ್ಟರು ಹೇಳಿದ್ದರು.

ಕೊಳದಲ್ಲಿ ಯಾವಾಗಲೂ ಬಾತುಗಳಿರುತ್ತಿದ್ದವು. ಕಂದು ಬಣ್ಣದವು. ಅವನು ಎಂದೂ ಎಣಿಸಿದವನಲ್ಲ. ಈಗ ಎಣಿಸಿದ. ಹತ್ತೊಂಬತ್ತು. ಇದು ಇಪ್ಪತ್ತನೆಯದು. ಹತ್ತೊಂಬತ್ತೂ ಒಂದು ಕಡೆ ಇದ್ದವು, ಇದು ಇನ್ನೊಂದು ಕಡೆ.

ಗಾಜಿನ ಬಾಟಲಿಯಂಥ ಹಸಿರು ತಲೆ. ತಲೆಯ ಹಿಂದೆ ಬಾಚಣಿಗೆಗೆ ಬಗ್ಗದ ಜುಟ್ಟು. ಕುತ್ತಿಗೆಗೆ ಬಿಳಿಯ ಪಟ್ಟಿ, ಅದೂ ಪೂರ್ತಿ ಸುತ್ತಿ ಬಂದಿಲ್ಲ, ಎಡಗಡೆ ಬೆರಳಗಲ ಬಿಟ್ಟುಹೋಗಿದೆ. ಇಟ್ಟಿಗೆ ಬಣ್ಣದ ಎದೆ. ಪಕ್ಕೆಯ ಮೇಲೆ ಮೊನಚಾದ ಪೆನ್ಸಿಲಿನಿಂದ ಎಳೆದಂಥ ಸಣ್ಣ ಗೆರೆಗಳು. ಬಾಲದ ಹತ್ತಿರ, ಯಾರೋ ಬಲವಂತಕ್ಕೆ ಸಿಕ್ಕಿಸಿದ ಹಾಗೆ, ಮೇಲಕ್ಕೆ ಸುರುಳಿ ಸುತ್ತಿದ ಕಿತ್ತಳೆ ಬಣ್ಣದ ಎರಡು ಗರಿ.

"ಇದು ಯಾವುದಪ್ಪಾ?" ಎಂದು ಉದ್ಯಾನದ ಕಾವಲುಗಾರನನ್ನು ಕೇಳಿದ.

ಕಾವಲುಗಾರ ಬಾಗಿ ನೋಡಿದ. "ಬಾತುಕೋಳಿ ಸಾರ್."

"ಅದು ಗೊತ್ತು. ಯಾವ ಜಾತಿದು?"

"ನಿನ್ನೆ ಇರ್ಲಿಲ್ಲ. ಇವತ್ತಿದೆ." ಕಾವಲುಗಾರನಿಗೆ ಅಷ್ಟು ವಿವರ ಸಾಕಿತ್ತು. "ಯಾಕೆ, ಕಚ್ತಾ?"

"ಇಲ್ಲ."

"ಮತ್ತೇನು ಬಿಡಿ."

ಬಿಡಬಹುದಿತ್ತು. ಆದರೆ ಗೆರೆಗಳನ್ನು ಕಂಡರೆ ಅವನ ಕಣ್ಣು ತನ್ನಷ್ಟಕ್ಕೆ ಕೆಲಸ ಶುರು ಮಾಡುತ್ತಿತ್ತು. ಅವನು ಬೆರಳಚ್ಚು ತಜ್ಞ. ಇಪ್ಪತ್ತೊಂಬತ್ತು ವರ್ಷ ಬೆರಳಿನ ಗೆರೆ ನೋಡಿದವನು. ಎರಡು ಅಚ್ಚುಗಳ ನಡುವೆ ಹನ್ನೆರಡು ಅಂಶ ಕೂಡಿಬಂದರೆ ಒಬ್ಬನೇ ಮನುಷ್ಯ ಎನ್ನುವುದು ಅವನು ಕಲಿತ ಕಾಲದ ನಿಯಮ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದ. ತೆರೆದ ಪುಟದಲ್ಲಿ ನಾಲ್ಕು ದಿನದ ಹಿಂದೆ ಅವನದೇ ಕೈ ಬರೆದದ್ದು ಇತ್ತು: "ದೊಡ್ಡಾಸ್ಪತ್ರೆ, ಆರನೇ ವಾರ್ಡು, ಮೂರರಿಂದ ಐದು." ಅವನು ಪುಟ ತಿರುಗಿಸಿ ಬಾತುವಿನ ಹನ್ನೆರಡು ಅಂಶಗಳನ್ನು ಒಂದರ ಕೆಳಗೊಂದು ಬರೆದ. ಫೋನಿನಲ್ಲಿ ಏಳು ಫೋಟೋ ತೆಗೆದ. ಉಳಿದ ಎರಡು ಸುತ್ತು ಹಾಕದೆ ಮನೆಗೆ ಹೋದ.

ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಊಟದ ಮೇಜಿನ ತುಂಬ ಮಕ್ಕಳು ಬರೆದ ನಕ್ಷೆಗಳು. ನದಿಗಳನ್ನು ಬೆಟ್ಟ ಹತ್ತಿಸಿದವರಿಗೆಲ್ಲ ಅವಳು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತಿದ್ದಳು.

"ಇದು ಯಾವ ಬಾತು ಇರಬಹುದು ಹೇಳು." ಫೋನು ಮುಂದೆ ಹಿಡಿದ.

ಅವಳು ಒಂದು ಕ್ಷಣ ನೋಡಿದಳು. "ಚೆನ್ನಾಗಿದೆ. ಇವತ್ತು ಹೋಗ್ತೀರಾ?"

"ಎಲ್ಲಿಗೆ?"

ಅವಳು ಪೆನ್ನು ಕೆಳಗಿಟ್ಟಳು. "ನಿಮ್ಮಕ್ಕ ನಿನ್ನೆ ಎರಡು ಸಲ ಫೋನ್ ಮಾಡಿದ್ರು. ನಾನು ಸ್ನಾನಕ್ಕೆ ಹೋಗಿದಾರೆ ಅಂದೆ. ಎರಡು ಸಲಾನೂ."

"ನೋಡೋಣ. ಆಫೀಸಲ್ಲಿ ಏನಿದೆಯೋ."

"ಆಫೀಸಲ್ಲಿ ಏನಿರತ್ತೆ?"

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆ ಮಾತು ನಾಟಿದ್ದು ಅದಕ್ಕೇ.

ವಿಷಯ ಇಷ್ಟೇ. ಕಳೆದ ವಾರ ಪತ್ರಿಕೆಯ ಒಳಪುಟದಲ್ಲಿ ಒಂದು ಫೋಟೋ ಬಂದಿತ್ತು. ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದಿದ್ದ, ಸುಮಾರು ಐವತ್ತೈದರ ಒಬ್ಬ ಮನುಷ್ಯ. ಎಚ್ಚರವಾದಾಗ ಹೆಸರು, ಊರು, ಯಾವುದೂ ನೆನಪಿರಲಿಲ್ಲ. ಬಲ್ಲವರು ಬಂದು ಗುರುತಿಸಬೇಕೆಂದು ಆಸ್ಪತ್ರೆಯವರು ಕೋರಿದ್ದರು. ಬೇರೆ ಊರಿನಲ್ಲಿದ್ದ ಅಕ್ಕ ಅದನ್ನು ನೋಡಿ ಬೆಳಗ್ಗೆ ಆರೂವರೆಗೆ ಫೋನು ಮಾಡಿದ್ದಳು. "ಅಣ್ಣ ಕಣೋ. ಅಣ್ಣ ಸಿಕ್ಕಿದ."

ಅಣ್ಣ ಮನೆ ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ಆಗ ಅಣ್ಣನಿಗೆ ಇಪ್ಪತ್ತನಾಲ್ಕು, ಅವನಿಗೆ ಇಪ್ಪತ್ತೊಂದು. ಅಪ್ಪನ ಜೊತೆ ಏನೋ ಮಾತಿಗೆ ಮಾತು ಬೆಳೆದಿತ್ತು. ಯಾವ ಮಾತು ಎಂಬುದು ಈಗ ಯಾರಿಗೂ ನೆನಪಿರಲಿಲ್ಲ. ಮಧ್ಯಾಹ್ನ ಚೀಲ ಹಿಡಿದು ಹೊರಟ ಅಣ್ಣ ಬಾಗಿಲಲ್ಲಿ "ಬರ್ತೀನಿ" ಅಂದಿದ್ದ. ಹೋಗುವವರೆಲ್ಲ ಅನ್ನುವ ಮಾತು ಅದು. ಅವನು ಪುಸ್ತಕದಿಂದ ತಲೆ ಎತ್ತದೆ "ಹ್ಞೂಂ" ಅಂದಿದ್ದ.

ಅಕ್ಕ ಇದಕ್ಕೆ ಮೊದಲು ಎರಡು ಸಲ ಅಣ್ಣನನ್ನು ಕಂಡುಹಿಡಿದಿದ್ದಳು. ಒಮ್ಮೆ ಒಬ್ಬ ಬಸ್ ಕಂಡಕ್ಟರಲ್ಲಿ, ಇನ್ನೊಮ್ಮೆ ಯಾರದೋ ಮದುವೆಯ ಗುಂಪಿನ ಫೋಟೋದ ಹಿಂದಿನ ಸಾಲಿನಲ್ಲಿ. ಕಂಡಕ್ಟರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನಾಗಿದ್ದ.

ಕಚೇರಿಯಲ್ಲಿ ಅವನ ಮೇಜು ಕಿಟಕಿಯ ಪಕ್ಕ. ಅತ್ಯಂತ ಒಳ್ಳೆಯ ಮೇಜು. ಅದರ ಮೇಲೆ ಹಿತ್ತಾಳೆಯ ಕಾಲಿನ ಹಳೆಯ ಭೂತಗನ್ನಡಿ. ಯಾರಾದರೂ ಕಚೇರಿ ನೋಡಲು ಬಂದರೆ ಮೇಲಧಿಕಾರಿ ಮೊದಲು ಅಲ್ಲಿಗೇ ಕರೆತರುತ್ತಿದ್ದರು. "ಇವರು ನಮ್ಮ ಹಿರಿಯ ತಜ್ಞರು. ಬರೀ ಕಣ್ಣಲ್ಲೇ ಹೇಳ್ತಿದ್ರು." ಬಂದವರು ಭೂತಗನ್ನಡಿಯಲ್ಲಿ ತಮ್ಮ ಹೆಬ್ಬೆರಳು ನೋಡಿಕೊಂಡು ನಕ್ಕು ಮುಂದೆ ಹೋಗುತ್ತಿದ್ದರು. ಮುಂದೆ, ಗಾಜಿನ ಕೋಣೆಯಲ್ಲಿ, ಯಂತ್ರವಿತ್ತು. ಹದಿನೈದು ವರ್ಷದ ಹಿಂದೆ ಅವನು ಮೂರು ದಿನ ಕೂತು ಹೇಳುತ್ತಿದ್ದದ್ದನ್ನು ಅದು ಉಸಿರು ಬಿಡುವುದರೊಳಗೆ ಹೇಳುತ್ತಿತ್ತು. ಯಂತ್ರ ಹೇಳಿದ್ದರ ಕೆಳಗೆ ಒಬ್ಬ ಮನುಷ್ಯನ ಸಹಿ ಇರಬೇಕೆಂದು ನಿಯಮ. ಆ ಮನುಷ್ಯ ಅವನು. ದಿನಕ್ಕೆ ನಲವತ್ತು, ಕೆಲವೊಮ್ಮೆ ಐವತ್ತು ಸಹಿ. ಮೊದಮೊದಲು ಓದಿ ಹಾಕುತ್ತಿದ್ದ.

ಯಂತ್ರ ನೋಡಿಕೊಳ್ಳುವ ಸಹಾಯಕಿ ಹಾಳೆಗಳ ಕಟ್ಟು ತಂದಿಟ್ಟಳು. ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದ ಚುರುಕು ಹೆಂಗಸು. ಸಹಿ ಮಾಡುತ್ತ ಮಾಡುತ್ತ ಅವನು ಫೋನು ಅವಳ ಕಡೆ ತಳ್ಳಿದ.

"ಇದು ಗೊತ್ತಾ ನಿಮಗೆ?"

"ಅಯ್ಯೋ, ಎಷ್ಟು ಮುದ್ದಾಗಿದೆ! ಇರಿ ಸಾರ್, ಒಂದು ಆ್ಯಪ್ ಇದೆ. ಫೋಟೋ ಹಾಕಿದ್ರೆ ಹಕ್ಕಿ ಹೆಸರು ಹೇಳತ್ತೆ."

ಮೊದಲ ಫೋಟೋ ನೋಡಿ ಆ್ಯಪ್ ಒಂದು ಹೆಸರು ಹೇಳಿತು. ಖಾತ್ರಿ ಶೇಕಡಾ ನಲವತ್ತೊಂದು. ಎರಡನೆಯದಕ್ಕೆ ಬೇರೆ ಹೆಸರು, ಶೇಕಡಾ ಮೂವತ್ತಾರು. ಮೂರನೆಯದಕ್ಕೆ ತುಸು ಹೊತ್ತು ತಿರುಗಿ, "ಅಲಂಕಾರದ ವಸ್ತು, ಪಿಂಗಾಣಿ" ಎಂದಿತು.

ಸಹಾಯಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೂ ನಗು ಬಂತು. ಬಹಳ ದಿನಗಳ ಮೇಲೆ ಒಂದು ಯಂತ್ರ ಅವನ ಎದುರಿಗೆ ಸೋತಿತ್ತು.

"ವಸ್ತುಸಂಗ್ರಹಾಲಯದಲ್ಲಿ ಹಕ್ಕಿ ವಿಭಾಗ ಇದೆ ಸಾರ್," ಕಣ್ಣೊರೆಸಿಕೊಂಡು ಅವಳು ಹೇಳಿದಳು. "ಅಲ್ಲೊಬ್ರು ಇದಾರಂತೆ. ಗರಿ ಕೊಟ್ರೆ ಜಾತಕ ಹೇಳ್ತಾರಂತೆ."

ಮಧ್ಯಾಹ್ನ ಮೇಲಧಿಕಾರಿಯ ಕೋಣೆಗೆ ಹೋದ.

"ಅರ್ಧ ದಿನ ರಜೆ ಬೇಕಿತ್ತು. ಆಸ್ಪತ್ರೆಗೆ ಹೋಗ್ಬೇಕು."

"ಯಾಕೆ, ಮೈ ಸರಿಯಿಲ್ವಾ?"

"ಒಬ್ಬರನ್ನ ನೋಡೋದಿದೆ."

"ಹತ್ತಿರದವರಾ?"

"ಅದನ್ನೇ ನೋಡ್ಬೇಕು."

ಮೇಲಧಿಕಾರಿ ಅರ್ಥವಾದವರಂತೆ ತಲೆಯಾಡಿಸಿದರು. ಅವನಿಲ್ಲದೆ ಏನೂ ನಿಲ್ಲುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ರಜೆ ಸಿಗುವುದು ಎಂದೂ ಕಷ್ಟವಾಗಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಿಂತಾಗ ಅವನು ನಿಜವಾಗಿಯೂ ಆಸ್ಪತ್ರೆಗೇ ಹೊರಟಿದ್ದ. ಅಕ್ಕನ ಫೋನು ಬಂತು.

"ಹೊರಟ್ಯಾ?"

"ಹೊರಟೆ. ಬಸ್ಸಿಗೆ ಕಾಯ್ತಿದೀನಿ."

"ದೇವರು ದೊಡ್ಡವನು. ನಾನೇ ಬರ್ತಿದ್ದೆ ಕಣೋ. ಮಂಡಿ ಕೇಳಲ್ಲ. ಭಾವನ್ನ ಮಗ್ಗುಲು ತಿರುಗಿಸೋಕೂ ನಾನೇ ಬೇಕು." ಉಸಿರು ತೆಗೆದುಕೊಂಡಳು. "ಮೂಗು ನೋಡು. ಮೂಗು ಅಪ್ಪನ್ದೇ."

"ಮೂವತ್ತು ವರ್ಷ ಆಯ್ತಲ್ಲಕ್ಕ. ಮುಖ ಬದಲಾಗಿರತ್ತೆ."

"ಮುಖ ಬದಲಾದ್ರೆ ಮೂಗೂ ಬದಲಾಗತ್ತಾ? ಚೆನ್ನಾಗಿ ಹೇಳ್ದೆ."

"ಬೇರೆ ಏನಾದ್ರೂ ಗುರುತಿತ್ತಾ? ಮಚ್ಚೆ, ಗಾಯ?"

ಅಕ್ಕ ಯೋಚಿಸಿದಳು. ಆ ಕಡೆ ಭಾವ ಕೆಮ್ಮುವುದು ಕೇಳಿಸಿತು. "ನೆನಪಾಗ್ತಿಲ್ಲ. ಒಂದೇ ಮನೇಲಿ ಬೆಳೆದವರು ಯಾರು ಮಚ್ಚೆ ನೋಡ್ತಾರೆ? ನೀನು ಹೋಗಿ ಎದುರಿಗೆ ನಿಲ್ಲು. ನಿನಗೇ ಗೊತ್ತಾಗತ್ತೆ. ಒಡಹುಟ್ಟಿದ ರಕ್ತ, ಸುಮ್ನಿರತ್ತಾ? ನಿನ್ನ ಕೆಲಸಾನೂ ಅದೇ ಅಲ್ವಾ, ಯಾರು ಯಾರು ಅಂತ ಹೇಳೋದು? ಬೆರಳು ತಗೊಂಡು ನೋಡು."

"ಯಾವುದರ ಜೊತೆ ನೋಡ್ಲಿ? ನಮ್ಮಲ್ಲಿರೋದು ಕಳ್ಳರ ಬೆರಳು."

ಅಣ್ಣ ಏನನ್ನೂ ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಆದ್ದರಿಂದ ಅವನು ಅವನೇ ಎಂದು ಹೇಳುವ ಒಂದು ಚೂರು ಕಾಗದವೂ ಎಲ್ಲೂ ಇರಲಿಲ್ಲ.

"ನೋಡಿದ ತಕ್ಷಣ ಫೋನ್ ಮಾಡು," ಎಂದಳು ಅಕ್ಕ. "ಒಂದು ರೂಮು ಗುಡಿಸಿ ಇಟ್ಟಿದೀನಿ."

ಮೊದಲು ಬಂದದ್ದು ವಸ್ತುಸಂಗ್ರಹಾಲಯದ ಕಡೆ ಹೋಗುವ ಬಸ್ಸು. ಅದರಲ್ಲಿ ಸೀಟೂ ಇತ್ತು. ಆಸ್ಪತ್ರೆಯ ಸಮಯ ಮೂರರಿಂದ ಐದು, ಈಗಿನ್ನೂ ಒಂದೂವರೆ. ಅವನು ಹತ್ತಿದ. ಹತ್ತಿ ಕೂತ ಮೇಲೆ, ಇದರಲ್ಲಿ ತಪ್ಪೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ.

ಹಕ್ಕಿ ವಿಭಾಗ ಮೂರನೇ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಚಪ್ಪಟೆ ಡ್ರಾಯರುಗಳು. ಒಂದು ತೆರೆದಿತ್ತು. ಅದರೊಳಗೆ ಹಕ್ಕಿಗಳು ಅಂಗಾತ ಮಲಗಿದ್ದವು, ಹತ್ತಿ ತುಂಬಿದ ಕಣ್ಣು, ಪ್ರತಿಯೊಂದರ ಕಾಲಿಗೂ ದಾರದಿಂದ ಕಟ್ಟಿದ ಚೀಟಿ. ಚೀಟಿಯಲ್ಲಿ ಹೆಸರು, ದಿನ, ಸಿಕ್ಕ ಜಾಗ. ಸತ್ತವರಲ್ಲಿ ಇಷ್ಟು ಅಚ್ಚುಕಟ್ಟು ಅವನು ಬೇರೆಲ್ಲೂ ನೋಡಿರಲಿಲ್ಲ.

ಹಕ್ಕಿತಜ್ಞ ಆರಿದ ಚಹಾದ ಎದುರು ಕೂತಿದ್ದ. ಅವನಷ್ಟೇ ವಯಸ್ಸು, ಅಂಗಿಯ ತೋಳಿಗೆ ಒಂದು ಪುಕ್ಕ ಅಂಟಿತ್ತು. ಮೊದಲ ಫೋಟೋ ನೋಡಿದ್ದೇ ಕುರ್ಚಿಯಿಂದ ಎದ್ದ.

"ಎಲ್ಲಿ ನೋಡಿದ್ರಿ? ಯಾವಾಗ? ಇವತ್ತಾ? ಒಂಟಿಯಾಗಿತ್ತಾ?"

ಅವನು ಪುಸ್ತಕ ತೆಗೆದು ಹನ್ನೆರಡು ಅಂಶ ಓದಿದ. ಹಕ್ಕಿತಜ್ಞ ಒಂದೊಂದಕ್ಕೂ ತಲೆಯಾಡಿಸಿದ. "ನೀವು ಹಕ್ಕಿಯವರಾ?"

"ಅಲ್ಲ. ಬೆರಳಚ್ಚಿನವನು."

"ಹಾಗೇ ಅಂದ್ಕೊಂಡೆ. ಇಷ್ಟು ಯಾರು ಬರೀತಾರೆ!" ಇಬ್ಬರೂ ಒಟ್ಟಿಗೆ ಫೋನಿನ ಮೇಲೆ ಬಾಗಿದರು. ಎರಡು ತಲೆ ತಾಗಿತು. ಎಷ್ಟೋ ಕಾಲದ ಮೇಲೆ ಅವನಿಗೆ ತಾನು ಕೆಲಸದಲ್ಲಿದ್ದೇನೆ ಅನ್ನಿಸಿತು. ಹಕ್ಕಿತಜ್ಞ ದಪ್ಪ ಪುಸ್ತಕ ಎಳೆದ, ಪುಟ ತಿರುವಿದ, ಇನ್ನೊಂದನ್ನು ಎಳೆದ. ಆಮೇಲೆ ಆರನೇ ಫೋಟೋಕ್ಕೆ ಬಂದ. ಅದರಲ್ಲಿ ಬಾತು ರೆಕ್ಕೆ ಬಡಿದು ನೀರು ಕೊಡವುತ್ತಿತ್ತು.

ಹಕ್ಕಿತಜ್ಞ ಚಿತ್ರವನ್ನು ದೊಡ್ಡದು ಮಾಡಿದ. ನೋಡಿದ. ಕುರ್ಚಿಗೆ ಒರಗಿ ಆರಿದ ಚಹಾ ಕುಡಿದ.

"ಓ. ಇದಾ."

"ಏನದು?"

"ಬಲರೆಕ್ಕೆ ನೋಡಿ. ತುದಿಯ ಗೆಣ್ಣೇ ಇಲ್ಲ. ಮರಿಯಿದ್ದಾಗ ಕತ್ತರಿಸ್ತಾರೆ, ಹಾರಿಹೋಗದ ಹಾಗೆ. ಯಾರದೋ ದೊಡ್ಡ ತೋಟದ್ದು. ಅಂದಕ್ಕೆ ಸಾಕಿದ್ದು."

"ಆಯ್ತು. ಆದ್ರೆ ಹೆಸರು?"

"ಹೆಸರಿಲ್ಲ."

"ಹೆಸರಿಲ್ಲ ಅಂದ್ರೆ?"

"ತಾಯಿ ಒಂದು ಜಾತಿ, ತಂದೆ ಒಂದು ಜಾತಿ. ಅಜ್ಜ ಇನ್ನೊಂದಿರಬಹುದು. ಬಣ್ಣ ಚೆನ್ನಾಗಿ ಬರ್ಲಿ ಅಂತ ಕೂಡಿಸ್ತಾ ಹೋಗ್ತಾರೆ. ಒಂದೊಂದು ಒಂದೊಂದು ಥರ ಆಗತ್ತೆ. ಇದರ ಥರದ್ದು ಇದೊಂದೇ." ಅವನು ಪುಸ್ತಕಗಳನ್ನು ಮುಚ್ಚಿ ಒಂದರ ಮೇಲೊಂದು ಇಟ್ಟ. "ನಾವು ಇಂಥದ್ದನ್ನ ಪಟ್ಟಿಗೆ ಹಾಕಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

"ಅದು ಅಲ್ಲಿದೆಯಲ್ಲ. ನಾನು ನೋಡಿದೀನಲ್ಲ."

"ಇದೆ. ಇಲ್ಲ ಅಂದೋರು ಯಾರು?"

ಅವನು ಫೋನನ್ನು ತೆಗೆದುಕೊಳ್ಳಲಿಲ್ಲ. "ಹಾಗಾದ್ರೆ ಅದರ ಮನೆಯವರು ಹುಡುಕ್ತಾ ಇರಬಹುದು."

"ಅವರೇ ತಂದು ಬಿಟ್ಟಿರ್ತಾರೆ. ಇಲ್ಲಾ ಬೇಲಿ ಕೆಳಗಿಂದ ನಡೆದುಬಂದಿರತ್ತೆ. ಕೇಳ್ಕೊಂಡು ಯಾರೂ ಬರಲ್ಲ." ಹಕ್ಕಿತಜ್ಞ ತೋಳಿನ ಮೇಲಿನ ಪುಕ್ಕವನ್ನು ಈಗ ಕಂಡು, ತೆಗೆದು, ಅದೇನೆಂದು ನೋಡಿ, ಡ್ರಾಯರಿಗೆ ಹಾಕಿದ. "ಜನ ಬ್ರೆಡ್ಡು ಎಸೀತಾ ಇರೋವರೆಗೆ ಬದುಕತ್ತೆ. ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಟಿಪ್ಪಣಿ ಮಾತ್ರ ಬಹಳ ಚೆನ್ನಾಗಿತ್ತು."

ಹೊರಗೆ ಬಂದಾಗ ಎರಡೂಮುಕ್ಕಾಲು. ಇನ್ನು ಬೇರೆ ಕೆಲಸವಿರಲಿಲ್ಲ. ಆಸ್ಪತ್ರೆಯ ಬಸ್ಸು ಕೂಡಲೇ ಬಂತು, ಖಾಲಿಯಾಗಿತ್ತು.

ಬಸ್ಸಿನಲ್ಲಿ ಅವನು ಅಣ್ಣ ಬರೆದಿದ್ದ ಒಂದು ಕಾಗದದ ಬಗ್ಗೆ ಯೋಚಿಸದಿರಲು ನೋಡಿದ. ಅಣ್ಣ ಹೋದ ಎರಡು ವರ್ಷಕ್ಕೆ ಅದು ಬಂದಿತ್ತು, ಮನೆಗಲ್ಲ, ಅವನು ತರಬೇತಿಯಲ್ಲಿದ್ದ ಕಚೇರಿಯ ವಿಳಾಸಕ್ಕೆ. ಅರ್ಧ ಪುಟ. "ಇಲ್ಲಿ ಕೆಲಸ ಸಿಕ್ಕಿದೆ. ಅಪ್ಪನ ಸಿಟ್ಟು ಇಳಿದಿದೆಯಾ? ಇಳಿದಿದ್ದರೆ ಒಂದು ಸಾಲು ಬರೆ. ಇಳಿಯದಿದ್ದರೂ ಬರೆ." ಕೆಳಗೆ ವಿಳಾಸ. ಆಗ ತರಬೇತಿಯ ಕೊನೆಯ ಪರೀಕ್ಷೆ ಹತ್ತಿರವಿತ್ತು. ಮುಗಿಸಿ ಬರೆಯೋಣ ಅಂದುಕೊಂಡ. ಪರೀಕ್ಷೆ ಮುಗಿದಾಗ, ಇಷ್ಟು ತಡವಾಗಿ ಬರೆಯುವುದು ಹೇಗೆ ಅನ್ನಿಸಿತು. ತಡವಾದದ್ದಕ್ಕೆ ಒಳ್ಳೆಯ ಕಾರಣ ಹುಡುಕುತ್ತ ಇನ್ನಷ್ಟು ತಡವಾಯಿತು. ಇವತ್ತು ನಾಳೆ ಎನ್ನುವಷ್ಟರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಬರೆಯಬೇಕಾದದ್ದು ಬೇರೆಯೇ ಆಯಿತು. ಕೋಣೆ ಬದಲಿಸುವಾಗ ಕಾಗದ ಎಲ್ಲೋ ಸೇರಿಹೋಯಿತು. ಅವನಿಗೆ ಇವತ್ತಿಗೂ ಮನೆಯ ಸಂಖ್ಯೆ ನೆನಪಿತ್ತು, ಹದಿನೇಳು. ಊರಿನ ಹೆಸರು ನೆನಪಿರಲಿಲ್ಲ.

ಇದನ್ನು ಅವನು ಅಕ್ಕನಿಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದೇನೂ ಅಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೇ.

ಬಸ್ಸು ಊರೆಲ್ಲ ಸುತ್ತಿ ಆಸ್ಪತ್ರೆ ಮುಟ್ಟುವಾಗ ನಾಲ್ಕು ದಾಟಿತ್ತು. ಆರನೇ ವಾರ್ಡಿನ ಬಾಗಿಲ ಬಳಿ ಚಿಕ್ಕ ಮೇಜು. ಅದರ ಹಿಂದೆ ಕನ್ನಡಕಕ್ಕೆ ಸರ ಕಟ್ಟಿಕೊಂಡ ಮೇಲ್ವಿಚಾರಕಿ. ಬಂದ ಕಾರಣ ಹೇಳಿದ. ಅವಳು ಒಂದು ಫೈಲು ತೆಗೆದಳು.

"ಫೋಟೋ ನೋಡಿ ಬಂದ್ರಾ? ನೀವು ಹನ್ನೊಂದನೆಯವರು."

"ಹನ್ನೊಂದಾ?"

"ಇಬ್ಬರು ಅಳ್ತಾ ಬಂದ್ರು, ಅಳ್ತಾ ಹೋದ್ರು. ಒಬ್ಬಾಕೆ ಮೂರು ದಿನ ಬಂದು ಪಕ್ಕದಲ್ಲೇ ಕೂತಿದ್ಲು. ಗಂಡ ಅಂತ ತಿಳ್ಕೊಂಡಿದ್ಲು. ನಾಲ್ಕನೇ ದಿನ ಅಲ್ಲ ಅಂದ್ಲು." ಒಂದು ನಮೂನೆಯ ಹಾಳೆ ಮುಂದಿಟ್ಟಳು. "ನೋಡಿದ ಮೇಲೆ ಇದನ್ನ ತುಂಬಿ ಕೊಡಿ. ಮೂರರಲ್ಲಿ ಒಂದು."

ಹಾಳೆಯಲ್ಲಿ ಮೂರು ಚೌಕ. ಹೌದು. ಅಲ್ಲ. ಇರಬಹುದು.

"ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗತ್ತಲ್ಲ," ಎಂದ.

"ಮಾಡಬಹುದು. ಮೊದಲು ಯಾರಾದ್ರೂ 'ಇರಬಹುದು' ಅಂತಾದ್ರೂ ಬರೆದು ಸಹಿ ಹಾಕ್ಬೇಕು. ಊರಿನೋರ ರಕ್ತ ಎಲ್ಲ ತೆಗೆಯೋಕಾಗಲ್ವಲ್ಲ." ಅವಳು ಫೈಲಿನ ಹಾಳೆಗಳನ್ನು ಸರಿಸಿದಳು. "ಬೆರಳಚ್ಚೂ ಕಳಿಸಿ ನೋಡಿದ್ವಿ. ಹೀಗೆ ಬಂತು."

ಅವನ ಕಚೇರಿಯ ಕಾಗದ. ಯಂತ್ರದ ಅಕ್ಷರ. "ಗೆರೆಗಳು ಸವೆದಿವೆ. ಗುಣಮಟ್ಟ ಸಾಲದು. ಹೋಲಿಕೆ ಅಸಾಧ್ಯ." ಕೆಳಗೆ ಅವನ ಸಹಿ. ದಿನಾಂಕ ನೋಡಿದ, ಒಂದು ಮಂಗಳವಾರ. ಆ ಮಂಗಳವಾರ ಏನಾಗಿತ್ತೆಂದು ನೆನೆಯಲು ಹೋದ. ಏನೂ ಆಗಿರಲಿಲ್ಲ. ಸಹಿ ಮಾತ್ರ ಬಹಳ ಸ್ಪಷ್ಟವಾಗಿತ್ತು, ಕೊನೆಯ ಅಕ್ಷರದ ಕೆಳಗಿನ ಗೀಟು ಸಹಿತ.

"ಸುಣ್ಣವೋ ಸಿಮೆಂಟೋ, ಏನೋ ಕೆಲಸ ಮಾಡಿರ್ಬೇಕು. ಬೆರಳು ನುಣ್ಣಗಾಗಿದೆ," ಮೇಲ್ವಿಚಾರಕಿ ಹೇಳಿದಳು. "ಸಹಿ ಹಾಕಿದ ಪುಣ್ಯಾತ್ಮ ಒಂದ್ಸಲ ಬಂದು ಕಣ್ಣಾರೆ ನೋಡಬಾರದಿತ್ತಾ ಅಂತ ನಮ್ಮ ಡಾಕ್ಟ್ರು ಬೈತಿದ್ರು."

"ಬಂದ್ರೂ ಸಿಗ್ತಿರ್ಲಿಲ್ಲ. ಸವೆದದ್ದು ಸವೆದದ್ದೇ."

"ನಿಮಗೆ ಹೇಗೆ ಗೊತ್ತು?"

"ಎಲ್ಲೋ ಓದಿದ್ದೆ."

ಅವಳು ಮುಂದೆ ನಡೆದಳು. ಅವನು ಹಾಳೆ, ಪೆನ್ನು ಹಿಡಿದು ಹಿಂದೆ ಹೋದ.

ಕೊನೆಯ ಮಂಚ, ಕಿಟಕಿಯ ಹತ್ತಿರ. ಆ ಮನುಷ್ಯ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ. ಯಾರೋ ಕೊಟ್ಟದ್ದಿರಬೇಕು, ಭುಜ ದೊಡ್ಡದಾಗಿತ್ತು. ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಗಡ್ಡ ಆಗ ತಾನೇ ತೆಗೆದದ್ದು. ವಾರ್ಡಿನಲ್ಲಿ ರೋಗಿಯಂತೆ ಕಾಣದವನು ಅವನೊಬ್ಬನೇ.

"ನಿಮ್ಮನ್ನ ನೋಡೋಕೆ ಬಂದಿದಾರೆ," ಎಂದು ಹೇಳಿ ಮೇಲ್ವಿಚಾರಕಿ ಬೇರೆ ಮಂಚದ ಕಡೆ ಹೋದಳು.

"ಬನ್ನಿ, ಕೂತ್ಕೊಳ್ಳಿ," ಎಂದ ಆ ಮನುಷ್ಯ.

ಅವನು ಸ್ಟೂಲಿನ ಮೇಲೆ ಕೂತ. ಧ್ವನಿ ಕೇಳಿಸಿಕೊಂಡ. ಏನೂ ಆಗಲಿಲ್ಲ. ಅಕ್ಕ ಹೇಳಿದ್ದ ರಕ್ತ ಸುಮ್ಮನಿತ್ತು. ಮೂಗು ನೋಡಿದ. ಅಪ್ಪನ ಮೂಗು ಇರಬಹುದು. ಅಪ್ಪನ ಮೂಗು ಹೇಗಿತ್ತೆಂದು ನೆನೆದರೆ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬರುತ್ತಿತ್ತು, ಅದರಲ್ಲಿ ಅಪ್ಪ ಎದುರಿಗೆ ನೋಡುತ್ತಿದ್ದರು. ಎದುರಿನಿಂದ ನೋಡಿದರೆ ಎಲ್ಲರ ಮೂಗೂ ಒಂದೇ.

ಮಾತಾಡಬೇಕಿತ್ತು. ಹೇಗಿದ್ದೀರಿ ಎನ್ನಬೇಕೋ, ಹೇಗಿದ್ದೀಯ ಎನ್ನಬೇಕೋ. ಅಣ್ಣನನ್ನು ಅವನು ಎಂದೂ ಬಹುವಚನದಲ್ಲಿ ಕರೆದಿರಲಿಲ್ಲ. 'ನೀನು' ಎಂದರೆ ಒಪ್ಪಿಕೊಂಡ ಹಾಗೆ. 'ನೀವು' ಎಂದರೆ ಬಾಗಿಲು ಹಾಕಿದ ಹಾಗೆ.

"ಊಟ ಆಯ್ತಾ?" ಎಂದ.

"ಆಯ್ತು. ನಿಮ್ದು?"

"ಆಯ್ತು."

ಆಗಿರಲಿಲ್ಲ. ಬೆಳಗಿನ ತಿಂಡಿಯ ಮೇಲೆ ಏನೂ ತಿಂದಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು.

ಕಿಟಕಿಯ ಹೊರಗೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು. ಇಬ್ಬರೂ ಅದು ದಾಟುವವರೆಗೆ ಕಾದರು.

"ನೆನಪು ಸ್ವಲ್ಪವಾದ್ರೂ ಬರತ್ತಾ?"

"ಕೆಲಸ ನೆನಪಿದೆ," ಎಂದ ಆ ಮನುಷ್ಯ, ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕೆಂಬ ಶ್ರದ್ಧೆಯಿಂದ. "ಗೋಡೆಗೆ ಗಾರೆ ಹಚ್ಚೋದು. ಎಷ್ಟು ನೀರು, ಎಷ್ಟು ಮರಳು, ಎಲ್ಲಾ ಹೇಳ್ತೀನಿ. ಯಾವ ಗೋಡೆ ಅಂದ್ರೆ ಗೊತ್ತಿಲ್ಲ."

"ಮನೆ?"

"ಮನೆ ಇದ್ದೇ ಇರ್ಬೇಕಲ್ವಾ."

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಮೇಲ್ವಿಚಾರಕಿ ದೂರದಲ್ಲಿದ್ದಳು. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿದ.

"ಕಾಗದ ಗೀಗದ ಬರೆದದ್ದು ನೆನಪಿದೆಯಾ?"

"ಯಾರಿಗೆ?"

"ಯಾರಿಗಾದ್ರೂ."

ಆ ಮನುಷ್ಯ ಯೋಚಿಸಿದ. ಹಣೆಯಲ್ಲಿ ಮೂರು ಗೆರೆ ಮೂಡಿದವು. "ಬರೆದಿರ್ತೀನಿ," ಎಂದ. "ಉತ್ತರ ಬಂತಾ?"

ಅವನು ಆ ಮುಖವನ್ನು ನೋಡಿದ. ಅಲ್ಲಿ ಕೊಂಕಿರಲಿಲ್ಲ. ತನ್ನದೇ ವಿಷಯವನ್ನು ಬೇರೆಯವರಿಂದ ತಿಳಿದುಕೊಳ್ಳುವವನ ಸಾದಾ ಕುತೂಹಲ ಇತ್ತು. ಮೂವತ್ತು ವರ್ಷದ ಹಿಂದಿನ ಮುಖವೊಂದನ್ನು ಅದರ ಮೇಲೆ ಇಟ್ಟು ನೋಡಲು ಪ್ರಯತ್ನಿಸಿದ. ಅಣ್ಣನ ಮುಖ ಬರಲಿಲ್ಲ. ಬಾಗಿಲಲ್ಲಿ ನಿಂತ ಒಂದು ಚೀಲ ಬಂತು, ಕೆಳಗೆ ಎರಡು ಚಪ್ಪಲಿ. ಅಂದು ತಲೆ ಎತ್ತದ ಅವನಿಗೆ ಕಂಡದ್ದೇ ಅಷ್ಟು.

"ಗೊತ್ತಿಲ್ಲ," ಎಂದ. "ನನಗೆ ಗೊತ್ತಿಲ್ಲ."

"ಪರವಾಗಿಲ್ಲ ಬಿಡಿ," ಎಂದು ಆ ಮನುಷ್ಯನೇ ಸಮಾಧಾನ ಹೇಳಿದ.

ಜೇಬಿನಲ್ಲಿ ಫೋನು ನಡುಗಿತು. ನೋಡದಿದ್ದರೂ ಅಕ್ಕನದೆಂದು ಗೊತ್ತಾಯಿತು. ಅದು ನಡುಗಿ, ನಿಂತು, ಮತ್ತೆ ನಡುಗಿತು. ಅವನು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. 'ಅಲ್ಲ' ಎಂದರೆ ಎದ್ದು ಹೋಗಬಹುದು. ಹತ್ತು ಜನ ಹಾಗೇ ಹೋಗಿದ್ದಾರೆ. 'ಇರಬಹುದು' ಎಂದರೆ ರಕ್ತ, ದಿನಗಳು, ಅಕ್ಕ ಗುಡಿಸಿಟ್ಟ ಕೋಣೆ. ಒಂದು ದಿನ ಆ ತಲೆಯೊಳಗೆ ಹದಿನೇಳನೇ ನಂಬರಿನ ಮನೆಯ ಬಾಗಿಲು ತೆರೆದುಕೊಳ್ಳುವುದು. ಸಾವಿರಾರು ಮನುಷ್ಯರನ್ನು ಅವರೇ ಎಂದು ಸಹಿ ಹಾಕಿ ಹೇಳಿದ ಕೈ ಮೂರು ಚೌಕಗಳ ಮೇಲೆ ನಿಂತಿತ್ತು.

"ಐದಾಗ್ತಾ ಬಂತು," ಎಂದು ಮೇಲ್ವಿಚಾರಕಿ ಬಾಗಿಲಿನಿಂದ ಕೂಗಿದಳು.

ಅದನ್ನು ಕೇಳಿ ಆ ಮನುಷ್ಯ ಎದ್ದು ನಿಂತ. ಯಾರೂ ಹೇಳಿರಲಿಲ್ಲ. ಅಂಗಿಯ ಮಡಿಕೆ ಸರಿಮಾಡಿಕೊಂಡು ಕಿಟಕಿಯ ಬೆಳಕಿಗೆ ಬಂದ. ಮುಖವನ್ನು ಎಡಕ್ಕೆ ತಿರುಗಿಸಿ ಗಲ್ಲ ತುಸು ಎತ್ತಿ, ರೆಪ್ಪೆ ಬಡಿಯದೆ ನಿಂತ. ಮನಸ್ಸಿನಲ್ಲಿ ಎಣಿಸುತ್ತಿದ್ದನೇನೋ. ಆಮೇಲೆ ಬಲಕ್ಕೆ ತಿರುಗಿದ, ಅಷ್ಟೇ ಹೊತ್ತು ನಿಂತ. ಕಿವಿಯ ಮೇಲಿನ ಕೂದಲನ್ನು ತಾನೇ ಸರಿಸಿ ಕಿವಿ ತೋರಿಸಿದ. ಕೊನೆಗೆ ಎದುರಿಗೆ ತಿರುಗಿ ಎರಡೂ ಕೈ ಚಾಚಿ ಅಂಗೈ ಮೇಲೆ ಮಾಡಿದ, ನಂತರ ಕೆಳಗೆ ಮಾಡಿದ.

ಸ್ಟೂಲಿನ ಮೇಲೆ ಕೂತವನು ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ಸರಿಯಾಗಿ ಕಾಣಿಸ್ಲಿಲ್ವಾ?" ಎಂದು ಆ ಮನುಷ್ಯ ನಯವಾಗಿ ಕೇಳಿದ. "ಅವಸರ ಇಲ್ಲ. ನೋಡಿ." ಮತ್ತೆ ಮೊದಲಿನಿಂದ, ಎಡಕ್ಕೆ, ಮುಖ ತಿರುಗಿಸಿ ನಿಂತ.